ಬಳ್ಳಾರಿಯ ಗಣಿ, ಬೆಂಗಳೂರಿನ ಕುರ್ಚಿ

ಬಳ್ಳಾರಿಗೆ ಹೋಗಿ ಬಂದವನ ಬಿಳಿ ಅಂಗಿ ಎರಡು ಸಲ ಒಗೆದರೂ ಬಿಳಿ ಆಗ್ತಿರಲಿಲ್ಲ. 2008–09ರ ಮಾತಿದು. ಹೊಸಪೇಟೆಯಿಂದ ಸಂಡೂರಿನ ಕಡೆ ಕ್ಯಾಮೆರಾ ಹಿಡ್ಕೊಂಡು ಹೊರಟರೆ ರಸ್ತೆ ಕಾಣಿಸ್ತಿರಲಿಲ್ಲ, ಬರೀ ಲಾರಿ. ಒಂದರ ಹಿಂದೆ ಒಂದು, ಅದರ ಹಿಂದೆ ಇನ್ನೊಂದು. ಮರದ ಎಲೆ ಕೆಂಪು, ಮನೆಯ ಗೋಡೆ ಕೆಂಪು, ಹೊಲದಲ್ಲಿದ್ದ ಜೋಳದ ತೆನೆಯೂ ಕೆಂಪು. ಊರಿಗೆ ವಾಪಸ್ ಬಂದ ಮೇಲೂ ಮೂಗಿನಲ್ಲಿ ಅದೇ ಧೂಳು.

ಆ ಧೂಳಿನಿಂದ ಎದ್ದು ಬಂದ ಒಬ್ಬ ರಾಜಕಾರಣಿಯ ಕಥೆಯನ್ನು ಇವತ್ತು ಹೇಳಬೇಕು. ಗಾಲಿ ಜನಾರ್ದನ ರೆಡ್ಡಿ. ಹೊಗಳಿದವರು ಇದ್ದಾರೆ, ತೆಗಳಿದವರು ಇದ್ದಾರೆ. ನಾನು ಎರಡನ್ನೂ ಬದಿಗಿಟ್ಟು ಲೆಕ್ಕ ನೋಡೋಣ ಅಂತೀನಿ. ಯಾಕಂದ್ರೆ ಇದು ಒಬ್ಬ ವ್ಯಕ್ತಿಯ ಕಥೆ ಮಾತ್ರ ಅಲ್ಲ. ವ್ಯಾಪಾರ ಶಾಸನಸಭೆಯ ಮೆಟ್ಟಿಲು ಹತ್ತಿದಾಗ ಒಂದು ರಾಜ್ಯಕ್ಕೆ ಏನಾಗುತ್ತೆ ಅನ್ನೋದರ ಕಥೆ.

ಮೊದಲು ಒಂದು ಮಾತು ಸ್ಪಷ್ಟ ಮಾಡ್ತೀನಿ. ಬಳ್ಳಾರಿಯ ಅದಿರಿಗೂ ವಿಧಾನಸೌಧಕ್ಕೂ ನಂಟು ಶುರುವಾದದ್ದು ರೆಡ್ಡಿ ಅವರಿಂದ ಅಲ್ಲ. ಸಂಡೂರಿನ ರಾಜಮನೆತನದ ಎಂ.ವೈ. ಘೋರ್ಪಡೆ ಅವರನ್ನು ನೆನಪು ಮಾಡಿಕೊಳ್ಳಿ. ಆ ಮನೆತನ 1954ರಲ್ಲಿ ಮ್ಯಾಂಗನೀಸ್ ಮತ್ತು ಕಬ್ಬಿಣದ ಅದಿರಿನ ಕಂಪನಿ ಕಟ್ಟಿತು. ಅದೇ ಘೋರ್ಪಡೆ ಸಂಡೂರಿನಿಂದ ಹಲವು ಸಲ ಶಾಸಕರಾದರು, ದೇವರಾಜ ಅರಸರ ಸರ್ಕಾರದಲ್ಲಿ ಹಣಕಾಸು ಸಚಿವರಾದರು, ಆಮೇಲೆ ಪಂಚಾಯತ್ ರಾಜ್ ಖಾತೆ ನೋಡಿಕೊಂಡರು. ಕಾಡಿನಲ್ಲಿ ಕೂತು ಕಪ್ಪು ಬಿಳುಪಿನಲ್ಲಿ ಆನೆ, ಹುಲಿಗಳ ಫೋಟೋ ತೆಗೆದ ಮನುಷ್ಯ. ಹಾಗಂತ ಅವರ ಮೇಲೆ ತಕರಾರೇ ಇರಲಿಲ್ಲವೇ? ಇತ್ತು. 1973ರಲ್ಲಿ ಸಂಡೂರಿನ ರೈತರ ಭೂಮಿಗಾಗಿ ಸಮಾಜವಾದಿಗಳು ದೊಡ್ಡ ಸತ್ಯಾಗ್ರಹವನ್ನೇ ಮಾಡಿದರು. ಆದರೂ ಒಂದು ವ್ಯತ್ಯಾಸ ಇತ್ತು. ಆ ಕಾಲದಲ್ಲಿ ಅದಿರು ಒಂದು ಉದ್ಯೋಗ, ಅದರಿಂದ ಸರ್ಕಾರ ಬೀಳ್ತಿರಲಿಲ್ಲ, ಏಳ್ತಿರಲಿಲ್ಲ.

ಇನ್ನು ರೆಡ್ಡಿ ಅವರ ಮನೆಗೆ ಬನ್ನಿ. ತಂದೆ ಚೆಂಗಾರೆಡ್ಡಿ ಪೊಲೀಸ್ ಕಾನ್‌ಸ್ಟೆಬಲ್. ಮೂವರು ಗಂಡುಮಕ್ಕಳು: ಕರುಣಾಕರ, ಜನಾರ್ದನ, ಸೋಮಶೇಖರ. ಗಣಿ ಇಲ್ಲ, ಅರಮನೆ ಇಲ್ಲ. ಜನಾರ್ದನ ರೆಡ್ಡಿ ಮೊದಲು ಕೈ ಹಾಕಿದ್ದು ಉಳಿತಾಯ, ಹೂಡಿಕೆಯ ಕಂಪನಿಗೆ. ಜನರಿಂದ ಹಣ ಸಂಗ್ರಹಿಸುವ ಆ ವ್ಯವಹಾರ ಬಹಳ ದಿನ ನಡೆಯಲಿಲ್ಲ.

ದಾರಿ ತೆರೆದದ್ದು 1999ರ ಲೋಕಸಭಾ ಚುನಾವಣೆ. ಸೋನಿಯಾ ಗಾಂಧಿ ಬಳ್ಳಾರಿಗೆ ಬಂದು ನಾಮಪತ್ರ ಹಾಕಿದರು. ಎದುರಿಗೆ ಬಿಜೆಪಿಯಿಂದ ಸುಷ್ಮಾ ಸ್ವರಾಜ್. ಕೆಲವೇ ದಿನದಲ್ಲಿ ಕನ್ನಡದಲ್ಲಿ ಭಾಷಣ ಮಾಡೋದನ್ನು ಕಲಿತು ಸುಷ್ಮಾ ಇಡೀ ಜಿಲ್ಲೆ ತಿರುಗಿದರು. ಸೋತರು, ಸುಮಾರು 56 ಸಾವಿರ ಮತಗಳಿಂದ. ಆದರೆ ಸೋತ ಊರನ್ನು ಬಿಡಲಿಲ್ಲ. ವರ್ಷ ವರ್ಷ ವರಮಹಾಲಕ್ಷ್ಮಿ ಪೂಜೆಗೆ ಬಳ್ಳಾರಿಗೆ ಬಂದರು. ಆ ಚುನಾವಣೆಯಲ್ಲಿ ಓಡಾಡಿದ ಹುಡುಗರು ರೆಡ್ಡಿ ಸಹೋದರರು ಮತ್ತು ಅವರ ಗೆಳೆಯ ಶ್ರೀರಾಮುಲು. ಐದೇ ವರ್ಷ. 2004ರಲ್ಲಿ ಕಾಂಗ್ರೆಸ್ಸಿನ ಭದ್ರಕೋಟೆ ಬಳ್ಳಾರಿ ಕುಸಿಯಿತು, ಕರುಣಾಕರ ರೆಡ್ಡಿ ಸಂಸದರಾದರು.

ಅದೇ ಹೊತ್ತಿಗೆ ಏಳು ಸಮುದ್ರದಾಚೆ ಇನ್ನೊಂದು ಘಟನೆ ನಡೀತಿತ್ತು. ಚೀನಾ ಕಟ್ಟುತ್ತಿತ್ತು. ರಸ್ತೆ, ಸೇತುವೆ, 2008ರ ಬೀಜಿಂಗ್ ಒಲಿಂಪಿಕ್ಸ್‌ಗೆ ಕ್ರೀಡಾಂಗಣ. ಉಕ್ಕು ಬೇಕು, ಉಕ್ಕಿಗೆ ಅದಿರು ಬೇಕು. ಕೊಳ್ಳುವವರಿಲ್ಲದೆ ಗಣಿಯ ಪಕ್ಕ ಗುಡ್ಡೆ ಬಿದ್ದಿದ್ದ ಪುಡಿ ಅದಿರಿಗೂ ಬಂಗಾರದ ಬೆಲೆ ಬಂತು. ಟನ್‌ಗೆ ಸಾವಿರಾರು ರೂಪಾಯಿ. ಸರ್ಕಾರಕ್ಕೆ ಬರ್ತಿದ್ದ ರಾಜಧನ ಎಷ್ಟು ಗೊತ್ತೇ? ಅತ್ಯುತ್ತಮ ಗಟ್ಟಿ ಅದಿರಿಗೂ ಟನ್‌ಗೆ 27 ರೂಪಾಯಿ! ಒಂದು ಪ್ಲೇಟ್ ಇಡ್ಲಿ ವಡೆಯ ದುಡ್ಡು. ಮಾರಾಟ ಬೆಲೆಯ ಶೇಕಡಾ 10ರಷ್ಟು ರಾಜಧನ ಅಂತ ನಿಯಮ ಬದಲಾದದ್ದು 2009ರಲ್ಲಿ. ಅಷ್ಟು ಹೊತ್ತಿಗೆ ಎಷ್ಟೋ ಹಡಗು ಹೋಗಿ ಆಗಿತ್ತು.

ಜನಾರ್ದನ ರೆಡ್ಡಿ ಅವರ ಓಬಳಾಪುರಂ ಮೈನಿಂಗ್ ಕಂಪನಿಯ ಗುತ್ತಿಗೆ ಇದ್ದದ್ದು ಆಂಧ್ರದ ಅನಂತಪುರ ಜಿಲ್ಲೆಯಲ್ಲಿ, ಬಳ್ಳಾರಿಯ ಗಡಿಗೆ ಅಂಟಿಕೊಂಡು. ಇಲ್ಲೇ ಇರೋದು ಕೀಲಿಕೈ. ಗುಡ್ಡಕ್ಕೆ ಎರಡು ರಾಜ್ಯ. ಆ ಕಡೆ ಪರವಾನಗಿ, ಈ ಕಡೆ ಅದಿರು. ಗಡಿ ಎಲ್ಲಿದೆ ಅಂತ ತೋರಿಸೋ ಗುರುತು ಅಳಿದರೆ ಯಾರ ಮಣ್ಣು ಯಾರದು? ಗಡಿಯಲ್ಲಿದ್ದ ಸುಗ್ಗುಲಮ್ಮ ದೇವಿಯ ಹಳೆಯ ಗುಡಿ 2006ರಲ್ಲಿ ನೆಲಸಮವಾಯಿತು. ದೇವಿಯ ಜೊತೆ ಎಲ್ಲೆಕಲ್ಲೂ ಹೋಯಿತು ಅಂತ ಊರಿನವರು ಆಡಿಕೊಂಡರು.

2006ರಲ್ಲೇ ರೆಡ್ಡಿ ವಿಧಾನ ಪರಿಷತ್ ಸದಸ್ಯರಾದರು. ಅದೇ ವರ್ಷ ತಮ್ಮ ಪಕ್ಷವೇ ಪಾಲುದಾರನಾಗಿದ್ದ ಸರ್ಕಾರದ ಮುಖ್ಯಮಂತ್ರಿ ಕುಮಾರಸ್ವಾಮಿ ಅವರ ಮೇಲೆ 150 ಕೋಟಿ ರೂಪಾಯಿ ಗಣಿ ಲಂಚದ ಆರೋಪ ಮಾಡಿದರು. ಕುಮಾರಸ್ವಾಮಿ ಅಲ್ಲಗಳೆದರು. ಪಕ್ಷ ರೆಡ್ಡಿ ಅವರನ್ನು ಅಮಾನತು ಮಾಡಿತು. ಎರಡು ವರ್ಷ ಕಳೆಯೋದರಲ್ಲಿ ಅದೇ ಪಕ್ಷದ ಸರ್ಕಾರದಲ್ಲಿ ಅದೇ ರೆಡ್ಡಿ ಪ್ರವಾಸೋದ್ಯಮ ಮತ್ತು ಮೂಲಸೌಕರ್ಯ ಸಚಿವರು!

ಹೇಗೆ? 2008ರ ಫಲಿತಾಂಶ ನೋಡಿ. 224 ಸ್ಥಾನ, ಬಿಜೆಪಿಗೆ 110. ಬಹುಮತಕ್ಕೆ ಮೂರು ಕಡಿಮೆ. ಗೆದ್ದ ಪಕ್ಷೇತರರು ಆರು ಮಂದಿ. ಆಮೇಲೆ ‘ಆಪರೇಷನ್ ಕಮಲ’ ಅನ್ನೋ ಹೊಸ ಪದ ಕನ್ನಡಕ್ಕೆ ಬಂತು. ಖರ್ಚು ಯಾರದು ಅನ್ನೋ ಪ್ರಶ್ನೆಗೆ ಮೊಗಸಾಲೆಯಲ್ಲಿ ಎಲ್ಲರೂ ಬಳ್ಳಾರಿಯ ದಿಕ್ಕಿಗೆ ಬೆರಳು ತೋರಿಸ್ತಿದ್ದರು. ಕರುಣಾಕರ ರೆಡ್ಡಿಗೆ ಕಂದಾಯ, ಶ್ರೀರಾಮುಲುಗೆ ಆರೋಗ್ಯ. ಒಂದೇ ಜಿಲ್ಲೆಗೆ, ಒಂದೇ ಬಳಗಕ್ಕೆ ಮೂರು ಖಾತೆ.

2009ರಲ್ಲಿ ತಿರುಪತಿ ತಿಮ್ಮಪ್ಪನಿಗೆ ಸುಮಾರು 42 ಕೋಟಿ ರೂಪಾಯಿಯ ವಜ್ರಖಚಿತ ಕಿರೀಟ ಅರ್ಪಣೆ. ಅದೇ ವರ್ಷದ ಕೊನೆಗೆ ಬಂಡಾಯ. ಶಾಸಕರು ಹೈದರಾಬಾದ್, ಗೋವಾ ರೆಸಾರ್ಟ್‌ಗಳಲ್ಲಿ. ಬಂಡಾಯ ಶಮನಕ್ಕೆ ಶೋಭಾ ಕರಂದ್ಲಾಜೆ ಸಂಪುಟ ಬಿಡಬೇಕಾಯಿತು, ಸ್ಪೀಕರ್ ಆಗಿದ್ದ ಜಗದೀಶ ಶೆಟ್ಟರ್ ಮಂತ್ರಿಯಾದರು. ಮುಖ್ಯಮಂತ್ರಿ ಯಡಿಯೂರಪ್ಪ ಕ್ಯಾಮೆರಾ ಮುಂದೆ ಕಣ್ಣೀರು ಹಾಕಿದರು. ಉತ್ತರ ಕರ್ನಾಟಕ ಅದೇ ಹೊತ್ತಿಗೆ ನೆರೆಯಿಂದ ಚೇತರಿಸಿಕೊಳ್ತಿತ್ತು. ಮನೆ ಕಳ್ಕೊಂಡವರು ಶೆಡ್‌ನಲ್ಲಿ, ಮತ ಪಡೆದವರು ರೆಸಾರ್ಟ್‌ನಲ್ಲಿ.

ತಡೆದವರು ಯಾರು? ಒಬ್ಬ ನಿವೃತ್ತ ನ್ಯಾಯಮೂರ್ತಿ, ಒಬ್ಬ ಅರಣ್ಯಾಧಿಕಾರಿ. ಲೋಕಾಯುಕ್ತ ಸಂತೋಷ್ ಹೆಗ್ಡೆ ಮತ್ತು ಅವರ ತನಿಖೆಯ ಬೆನ್ನೆಲುಬಾಗಿದ್ದ ಯು.ವಿ. ಸಿಂಗ್. ಅಂಕೋಲಾದ ಬೇಲೆಕೇರಿ ಬಂದರಿನಲ್ಲಿ ಜಪ್ತಿ ಮಾಡಿಟ್ಟಿದ್ದ ಲಕ್ಷಾಂತರ ಟನ್ ಅದಿರು 2010ರಲ್ಲಿ ಮಾಯವಾಯಿತು. ಅದಿರು ಹಿಡಿದ ಅಧಿಕಾರಿಯನ್ನೇ ಅಮಾನತು ಮಾಡಲು ಹೊರಟಾಗ ಹೆಗ್ಡೆ ರಾಜೀನಾಮೆ ಕೊಟ್ಟರು, ಅಡ್ವಾಣಿ ಕೇಳಿಕೊಂಡ ಮೇಲೆ ವಾಪಸ್ ಪಡೆದರು. ಅದೇ ಜುಲೈನಲ್ಲಿ ವಿಧಾನಸಭೆಯಲ್ಲಿ ತೊಡೆ ತಟ್ಟುವಷ್ಟರ ಮಟ್ಟಿಗೆ ಜಗಳ. ಸಿದ್ದರಾಮಯ್ಯ ಬೆಂಗಳೂರಿನಿಂದ ಬಳ್ಳಾರಿಗೆ 300 ಕಿಲೋಮೀಟರ್‌ಗೂ ಹೆಚ್ಚು ದೂರ ನಡೆದೇ ಬಿಟ್ಟರು.

2011ರ ಜುಲೈ 27. ಹೆಗ್ಡೆ ಅಂತಿಮ ವರದಿ ಕೊಟ್ಟರು. ರಾಜ್ಯದ ಬೊಕ್ಕಸಕ್ಕೆ ನಷ್ಟ 16,085 ಕೋಟಿ ರೂಪಾಯಿ. ಹಣ ಕೊಟ್ಟರೆ ಅಕ್ರಮ ಅದಿರು ಬಂದರಿನವರೆಗೆ ಯಾರೂ ತಡೆಯದೆ ಹೋಗುವ ವ್ಯವಸ್ಥೆಗೆ ವರದಿಯಲ್ಲಿದ್ದ ಹೆಸರು ‘ಝೀರೋ ರಿಸ್ಕ್ ಸಿಸ್ಟಮ್’. ಎರಡು ದಿನಕ್ಕೆ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. 31ಕ್ಕೆ ಯಡಿಯೂರಪ್ಪ ರಾಜೀನಾಮೆ. (ಗಣಿ ಕಂಪನಿಯಿಂದ ಹಣ ಪಡೆದ ಪ್ರಕರಣದಲ್ಲಿ ಸಿಬಿಐ ನ್ಯಾಯಾಲಯ 2016ರಲ್ಲಿ ಅವರನ್ನು ಖುಲಾಸೆ ಮಾಡಿತು, ಅದನ್ನೂ ಹೇಳಬೇಕು.) ಸೆಪ್ಟೆಂಬರ್ 5ರ ಬೆಳಗ್ಗೆ ಸಿಬಿಐ ಬಳ್ಳಾರಿಗೆ ಬಂದು ಜನಾರ್ದನ ರೆಡ್ಡಿ ಅವರನ್ನು ಹೈದರಾಬಾದ್‌ಗೆ ಕರ್ಕೊಂಡು ಹೋಯಿತು. ಕಾಕತಾಳೀಯ ನೋಡಿ, ಅದೇ ವರ್ಷದ ಅಕ್ಟೋಬರ್‌ನಲ್ಲಿ ಘೋರ್ಪಡೆ ತೀರಿಕೊಂಡರು.

ಜಾಮೀನು ಸಿಕ್ಕಿದ್ದು 2015ರ ಜನವರಿಯಲ್ಲಿ, ಬಳ್ಳಾರಿಗೆ ಕಾಲಿಡಬಾರದು ಅನ್ನೋ ಷರತ್ತಿನ ಮೇಲೆ. 2016ರ ನವೆಂಬರ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಮಗಳ ಮದುವೆ. ನೋಟು ರದ್ದಾಗಿ ಒಂದು ವಾರ ಆಗಿತ್ತಷ್ಟೇ. ಜನ ಎರಡು ಸಾವಿರ ರೂಪಾಯಿಗೆ ಎಟಿಎಂ ಮುಂದೆ ಕ್ಯೂ ನಿಂತಿದ್ದರು. ಇಲ್ಲಿ ನನ್ನದೊಂದು ತಪ್ಪೊಪ್ಪಿಗೆ ಇದೆ. ಆ ದಿನ ನಾವೂ ಸ್ಟುಡಿಯೋದಲ್ಲಿ ಕೂತು ಮದುವೆಯ ಸೆಟ್ಟು, ಸೀರೆ, ಒಡವೆ, ಪರದೆ ಇರೋ ಆಮಂತ್ರಣ ಪೆಟ್ಟಿಗೆ ತೋರಿಸಿದ್ದೇ ತೋರಿಸಿದ್ದು. ಬೈತಾ ತೋರಿಸಿದ್ವಿ, ಆದರೆ ತೋರಿಸಿದ್ವಿ. ಹೆಲಿಕಾಪ್ಟರ್, ಕಿರೀಟ, ಮದುವೆ ಅಂತ ಜನರ ಕಣ್ಣಿಗೆ ಬೆರಗು ಹಚ್ಚಿದವರಲ್ಲಿ ನಾವೂ ಇದ್ದೀವಿ. 27 ರೂಪಾಯಿ ರಾಜಧನದ ಲೆಕ್ಕವನ್ನು ಅಷ್ಟು ಹೊತ್ತು ತೋರಿಸಿದ್ವಾ? ಇಲ್ಲ.

ಮುಂದಿನದು ನಿಮಗೇ ಗೊತ್ತು. 2022ರ ಡಿಸೆಂಬರ್‌ನಲ್ಲಿ ಸ್ವಂತ ಪಕ್ಷ, ಕಲ್ಯಾಣ ರಾಜ್ಯ ಪ್ರಗತಿ ಪಕ್ಷ. 2023ರಲ್ಲಿ ಗಂಗಾವತಿಯಿಂದ ಗೆಲುವು. ಗಮನಿಸಿ, ಸರ್ಕಾರವನ್ನೇ ನಡುಗಿಸಿದ ಈ ಮನುಷ್ಯ ವಿಧಾನಸಭೆಗೆ ಗೆದ್ದು ಬಂದದ್ದು ಅದೇ ಮೊದಲು. ಅದೇ ಚುನಾವಣೆಯಲ್ಲಿ ಬಳ್ಳಾರಿ ನಗರದಲ್ಲಿ ಒಂದು ಕಡೆ ಅವರ ಪತ್ನಿ, ಇನ್ನೊಂದು ಕಡೆ ಬಿಜೆಪಿಯಿಂದ ಅವರ ಸಹೋದರ. ಗೆದ್ದದ್ದು ಕಾಂಗ್ರೆಸ್. 2024ರ ಮಾರ್ಚ್‌ನಲ್ಲಿ ಪಕ್ಷ ಬಿಜೆಪಿಯಲ್ಲಿ ವಿಲೀನ. 2025ರ ಮೇ 6ರಂದು ಹೈದರಾಬಾದಿನ ಸಿಬಿಐ ವಿಶೇಷ ನ್ಯಾಯಾಲಯ ಓಬಳಾಪುರಂ ಪ್ರಕರಣದಲ್ಲಿ ಏಳು ವರ್ಷ ಶಿಕ್ಷೆ ಕೊಟ್ಟಿತು, ಶಾಸಕ ಸ್ಥಾನ ಹೋಯಿತು. ಜೂನ್‌ನಲ್ಲಿ ತೆಲಂಗಾಣ ಹೈಕೋರ್ಟ್ ಶಿಕ್ಷೆ ಅಮಾನತಿನಲ್ಲಿಟ್ಟಿತು, ಸ್ಥಾನ ವಾಪಸ್ ಬಂತು. ಬಂಧನದಿಂದ ಮೊದಲ ತೀರ್ಪಿಗೆ ಹದಿಮೂರೂವರೆ ವರ್ಷ. ಮೇಲ್ಮನವಿ ಬೇರೆ.

ವ್ಯಾಪಾರಿ ಶಾಸಕ ಆಗಬಾರದಾ? ಯಾಕಾಗಬಾರದು! ಅಂಗಡಿ ನಡೆಸಿದವನಿಗೆ ಸಂಬಳ ಕೊಡೋ ಕಷ್ಟ ಗೊತ್ತಿರುತ್ತೆ. ತಕರಾರು ಅದಲ್ಲ. ಪರವಾನಗಿ ಕೇಳುವವನು, ಪರವಾನಗಿ ಕೊಡುವವನು, ಲಾರಿ ತಡೆಯಬೇಕಾದ ಅಧಿಕಾರಿಯನ್ನು ವರ್ಗ ಮಾಡುವವನು ಎಲ್ಲ ಒಂದೇ ಮನೆಯ ಊಟಕ್ಕೆ ಕೂತರೆ ಬಾಗಿಲು ಕಾಯುವವರು ಯಾರು? ರೆಡ್ಡಿ ಅವರನ್ನು ಮಾತ್ರ ಬೈದು ಕೈ ತೊಳ್ಕೊಂಡರೆ ನಾವು ತಪ್ಪಿಸಿಕೊಂಡ ಹಾಗೆ. ಆ ದುಡ್ಡಿನ ಮೇಲೆ ಸರ್ಕಾರ ಕಟ್ಟಿದವರು, ಅಕ್ರಮ ಅದಿರಿಗೆ ದಾರಿ ಬಿಟ್ಟ ಅಧಿಕಾರಿಗಳು, ಬೆರಗಿನಿಂದ ನೋಡಿದ ನಾವು ಎಲ್ಲರೂ ಲೆಕ್ಕದಲ್ಲಿದ್ದೀವಿ.

ಗಣಿ ನಿಂತ ಮೇಲೆ ಒಮ್ಮೆ ಸಂಡೂರಿನ ದಾರಿಯಲ್ಲಿ ಚಹಾಕ್ಕೆ ನಿಲ್ಲಿಸಿದ್ದೆ. ರಸ್ತೆ ಬದಿಯಲ್ಲಿ ಸಾಲಾಗಿ ಲಾರಿ, ಚಕ್ರದ ಸುತ್ತ ಹುಲ್ಲು. ಹೊಲ ಅಡ ಇಟ್ಟು ಲಾರಿ ತಗೊಂಡವನೊಬ್ಬ ಅಲ್ಲಿ ಕೂತಿದ್ದ. ಕಂತು ಕಟ್ಟೋಕೆ ಆಗದೆ ಲಾರಿಯೂ ಹೋಗೋದರಲ್ಲಿತ್ತು, ಹೊಲವೂ ಧೂಳು ತಿಂದು ಬೆಳೆ ಕೊಡ್ತಿರಲಿಲ್ಲ. ಅವನಿಗೆ ಜಾಮೀನು ಕೊಡೋ ಕೋರ್ಟ್ ಯಾವುದೂ ಇರಲಿಲ್ಲ.

“ಸಾರ್, ಮತ್ತೆ ಯಾವಾಗ ಶುರು ಆಗುತ್ತೆ?” ಅಂತ ಕೇಳಿದ. ಗಣಿ ಆಮೇಲೆ ನಿಯಮದ ಪ್ರಕಾರ, ಮಿತಿಯೊಳಗೆ ಶುರುವಾಯಿತು. ಅವನ ಲಾರಿ ಉಳೀತೋ ಇಲ್ಲವೋ, ವಿಚಾರಿಸಲು ನಾನು ಹಿಂದಿರುಗಿ ಹೋಗಲಿಲ್ಲ.