ಗಡಿಯ ಅಳತೆಗೋಲು: ಜಿಲ್ಲೆಯೇ, ತಾಲ್ಲೂಕೇ, ಹಳ್ಳಿಯೇ?

ರಾಜ್ಯಗಳ ಗಡಿ ತಕರಾರನ್ನು ಭಾಷೆಯ ಜಗಳವೆಂದು ವಿವರಿಸುವುದು ರೂಢಿ. ಆದರೆ ಕರ್ನಾಟಕದ ಗಡಿಗಳ ಮಟ್ಟಿಗೆ ನಿಜವಾದ ವಿವಾದವಿರುವುದು ಭಾಷಿಕರನ್ನು ಯಾವ ಘಟಕದೊಳಗೆ ಎಣಿಸಬೇಕೆಂಬುದರಲ್ಲಿ.

1955ರಲ್ಲಿ ವರದಿ ಕೊಟ್ಟ ಫಜಲ್ ಅಲಿ ನೇತೃತ್ವದ ರಾಜ್ಯ ಪುನರ್ವಿಂಗಡಣಾ ಆಯೋಗವು ಸ್ಥೂಲವಾಗಿ ಜಿಲ್ಲೆಯನ್ನು ಘಟಕವೆಂದು ಹಿಡಿಯಿತು. ಆದರೆ ಎಲ್ಲೆಡೆ ಅದಕ್ಕೆ ಅಂಟಿಕೊಳ್ಳಲಿಲ್ಲ. ಮರಾಠಿ ಪ್ರಧಾನವಾದ ಚಂದಗಡ ತಾಲ್ಲೂಕನ್ನು ಬೆಳಗಾವಿ ಜಿಲ್ಲೆಯಿಂದ ಬಿಡಿಸಿತು. ಬೆಳಗಾವಿ ಪಟ್ಟಣವನ್ನು ಮಾತ್ರ ವ್ಯಾಪಾರ, ಆಡಳಿತದ ನಂಟು ನೋಡಿ ಜಿಲ್ಲೆಯಲ್ಲೇ ಉಳಿಸಿತು. ಕಾಸರಗೋಡನ್ನು ಇಡೀ ತಾಲ್ಲೂಕಾಗಿ ಎಣಿಸಿ ಕೇರಳಕ್ಕೆ ಕೊಟ್ಟಿತು. ಬಳ್ಳಾರಿಯಲ್ಲಂತೂ ಭಾಷೆಯೇ ಹಿಂದೆ ಸರಿಯಿತು: ತುಂಗಭದ್ರಾ ಯೋಜನೆಯ ಕಾರಣಕ್ಕೆ ಬಳ್ಳಾರಿ, ಹೊಸಪೇಟೆ, ಸಿರುಗುಪ್ಪಗಳು ಆಂಧ್ರಕ್ಕೆ ಸೇರಲೆಂದಿತು. 1953ರಲ್ಲಷ್ಟೇ ಮೈಸೂರಿಗೆ ಬಂದಿದ್ದ ಆ ತಾಲ್ಲೂಕುಗಳ ಬಗೆಗಿನ ಈ ಸಲಹೆಯನ್ನು ಕೇಂದ್ರ ಒಪ್ಪಲಿಲ್ಲ.

ಇದಕ್ಕೆ ಎದುರಾದ ಮಾದರಿ ಆಂಧ್ರ–ಮದರಾಸು ಗಡಿಯದು. ಅಲ್ಲಿ ಮಧ್ಯಸ್ಥರಾಗಿದ್ದ ಪಾಟಸ್ಕರ್ ಹಳ್ಳಿಯನ್ನೇ ಘಟಕ ಮಾಡಿಕೊಂಡರು. 1959ರ ಕಾಯಿದೆಯಂತೆ ತಿರುತ್ತಣಿ ಮದರಾಸಿಗೆ ಹೋಯಿತು. ಮಹಾರಾಷ್ಟ್ರ ಈ ಸೂತ್ರವನ್ನೇ ಬಯಸಿ 814 ಹಳ್ಳಿಗಳನ್ನು ಕೇಳಿತು. 1966ರಲ್ಲಿ ನೇಮಕವಾದ ಮಹಾಜನ ಆಯೋಗವು ಮರುವರ್ಷ ವರದಿ ಸಲ್ಲಿಸಿ, 264 ಹಳ್ಳಿಗಳು ಮಹಾರಾಷ್ಟ್ರಕ್ಕೆ, 247 ಹಳ್ಳಿಗಳು ಮೈಸೂರಿಗೆ ಎಂದಿತು. ಬೆಳಗಾವಿ ಇದ್ದಲ್ಲೇ ಇರಬೇಕೆಂದಿತು. ಚಂದ್ರಗಿರಿ ಹೊಳೆಯ ಉತ್ತರದ ಕಾಸರಗೋಡು ಮೈಸೂರಿಗೆ ಸೇರಬೇಕೆಂಬುದೂ ಅದರದೇ ಶಿಫಾರಸು.

ಇಲ್ಲಿ ನಮ್ಮ ವಾದವನ್ನೂ ಒರೆಗೆ ಹಚ್ಚಬೇಕು. ಬೆಳಗಾವಿಯ ಮಾತು ಬಂದಾಗ ಜಿಲ್ಲೆ ಒಡೆಯಬಾರದೆನ್ನುವ ನಾವು, ಕಾಸರಗೋಡಿನ ಮಾತು ಬಂದಾಗ ತಾಲ್ಲೂಕನ್ನು ಹೊಳೆಯ ಗುಂಟ ಸೀಳಬೇಕೆನ್ನುತ್ತೇವೆ. ಎರಡಕ್ಕೂ ಸಮರ್ಥನೆಯುಂಟು; ಒಂದೇ ತತ್ತ್ವದಿಂದ ಮಾತ್ರ ಎರಡೂ ಹುಟ್ಟವು. ಮಹಾರಾಷ್ಟ್ರದ ಹಳ್ಳಿ ಸೂತ್ರಕ್ಕೂ ಇದೇ ತೊಡಕು: ಅದನ್ನು ಅಕ್ಕಲಕೋಟೆ, ಜತ್ತಗಳಿಗೆ ಅನ್ವಯಿಸಿದರೆ ಕನ್ನಡದ ಹಳ್ಳಿಗಳನ್ನು ಬಿಟ್ಟುಕೊಡಬೇಕಾಗುತ್ತದೆ.

ಸಂವಿಧಾನ ಈ ಗೋಜಿಗೆ ಹೋಗಿಲ್ಲ. 3ನೇ ವಿಧಿಯಂತೆ ಗಡಿ ಬದಲಿಸುವ ಅಧಿಕಾರ ಸಂಸತ್ತಿನದು. ರಾಜ್ಯಗಳ ಅಭಿಪ್ರಾಯ ಕೇಳಬೇಕು, ಅದರಂತೆ ನಡೆಯಲೇಬೇಕೆಂದಿಲ್ಲ. ಘಟಕ ಯಾವುದಿರಬೇಕೆಂದು ವಿಧಿ ಹೇಳುವುದಿಲ್ಲ. 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋದಾಗ ಕರ್ನಾಟಕ ಎತ್ತಿದ ಮೂಲ ಆಕ್ಷೇಪ ಈ ವಿಧಿಯನ್ನೇ ಆಧರಿಸಿದೆ: ಸಂಸತ್ತು ಎಳೆದ ಗೆರೆಯನ್ನು ನ್ಯಾಯಾಲಯ ತಿದ್ದಬಹುದೇ?