ಡೈವ್ ಕಂಪ್ಯೂಟರ್‌ಗಳ ಬಾಳಿಕೆ ಮತ್ತು ದುರಸ್ತಿ

ಡೈವ್ ಕಂಪ್ಯೂಟರ್ ಎಂಬುದು ಸ್ಕೂಬಾ ಮುಳುಗುಗಾರರು ನೀರಿನಡಿಯಲ್ಲಿ ಬಳಸುವ ವಿದ್ಯುನ್ಮಾನ ಉಪಕರಣ. ಇದನ್ನು ಸಾಮಾನ್ಯವಾಗಿ ಗಡಿಯಾರದಂತೆ ಮಣಿಕಟ್ಟಿಗೆ ಕಟ್ಟಿಕೊಳ್ಳಲಾಗುತ್ತದೆ. ಇದು ನೀರಿನ ಒತ್ತಡವನ್ನೂ ಕಳೆದ ಸಮಯವನ್ನೂ ಅಳೆದು, ಮುಳುಗುಗಾರನ ದೇಹದಲ್ಲಿ ಎಷ್ಟು ಸಾರಜನಕ ಕರಗಿರಬಹುದೆಂದು ಸತತವಾಗಿ ಲೆಕ್ಕ ಹಾಕುತ್ತದೆ. ಅದೇ ಆಳದಲ್ಲಿ ಇನ್ನೆಷ್ಟು ನಿಮಿಷ ಇರಬಹುದು, ಯಾವ ವೇಗದಲ್ಲಿ ಮೇಲೇರಬೇಕು, ದಾರಿಯಲ್ಲಿ ಎಲ್ಲಿ ನಿಲ್ಲಬೇಕು ಎಂಬುದನ್ನು ಪರದೆಯ ಮೇಲೆ ತೋರಿಸುತ್ತದೆ. ಈ ಲೆಕ್ಕ ತಪ್ಪಿದರೆ ಡಿಕಂಪ್ರೆಷನ್ ಕಾಯಿಲೆ ಉಂಟಾಗಬಹುದು. ಆದ್ದರಿಂದ ಉಪಕರಣವು ಎಷ್ಟು ವರ್ಷ ನಂಬಿಕೆಗೆ ಅರ್ಹವಾಗಿ ಉಳಿಯುತ್ತದೆ, ಕೆಟ್ಟಾಗ ಅದನ್ನು ಸರಿಪಡಿಸಬಹುದೆ, ಸರಿಪಡಿಸಿದ್ದನ್ನು ಮತ್ತೆ ನಂಬಬಹುದೆ ಎಂಬ ಪ್ರಶ್ನೆಗಳು ಖರ್ಚಿಗೆ ಮಾತ್ರವಲ್ಲದೆ ಜೀವರಕ್ಷಣೆಗೂ ಸಂಬಂಧಿಸಿವೆ.

ಹಿನ್ನೆಲೆ

ಮುಳುಗುಗಾರನು ಆಳಕ್ಕೆ ಇಳಿದಂತೆ ಅವನು ಉಸಿರಾಡುವ ಗಾಳಿಯ ಒತ್ತಡ ಹೆಚ್ಚುತ್ತದೆ. ಆಗ ಸಾರಜನಕವು ರಕ್ತದಲ್ಲಿಯೂ ಅಂಗಾಂಶಗಳಲ್ಲಿಯೂ ಹೆಚ್ಚಾಗಿ ಕರಗುತ್ತದೆ. ಅವಸರದಿಂದ ಮೇಲೇರಿದರೆ ಕರಗಿದ ಅನಿಲವು ಗುಳ್ಳೆಗಳಾಗಿ ಹೊರಬಂದು ಕೀಲುನೋವಿನಿಂದ ಹಿಡಿದು ಪಾರ್ಶ್ವವಾಯುವಿನವರೆಗೆ ತೊಂದರೆ ಕೊಡಬಲ್ಲದು. ಬ್ರಿಟಿಷ್ ಶರೀರವಿಜ್ಞಾನಿ ಜಾನ್ ಸ್ಕಾಟ್ ಹಾಲ್ಡೇನ್ ಮತ್ತು ಅವರ ಸಹೋದ್ಯೋಗಿಗಳು ಆಡುಗಳ ಮೇಲೆ ಪ್ರಯೋಗ ನಡೆಸಿ, ಹಂತಹಂತವಾಗಿ ಮೇಲೇರುವ ಕೋಷ್ಟಕಗಳನ್ನು 1908ರಲ್ಲಿ ಪ್ರಕಟಿಸಿದರು. ಮುಂದಿನ ಹಲವು ದಶಕಗಳ ಕಾಲ ಮುಳುಗುಗಾರರು ಇಂತಹ ಮುದ್ರಿತ ಕೋಷ್ಟಕಗಳನ್ನೇ ಅವಲಂಬಿಸಿದ್ದರು.

ಕೋಷ್ಟಕದ ಕೆಲಸವನ್ನು ಉಪಕರಣಕ್ಕೆ ವಹಿಸುವ ಆರಂಭದ ಪ್ರಯತ್ನಗಳಲ್ಲಿ ಇಟಲಿಯಲ್ಲಿ 1959ರಲ್ಲಿ ರೂಪುಗೊಂಡ ಎಸ್‌ಒಎಸ್ ಡಿಕಂಪ್ರೆಷನ್ ಮೀಟರ್ ಪ್ರಮುಖವಾದುದು. ಅದರಲ್ಲಿ ವಿದ್ಯುನ್ಮಾನ ಭಾಗಗಳಿರಲಿಲ್ಲ. ರಂಧ್ರಮಯ ಪಿಂಗಾಣಿ ತುಂಡಿನ ಮೂಲಕ ನಿಧಾನವಾಗಿ ಹರಿಯುವ ಅನಿಲವು ಅಂಗಾಂಶಕ್ಕೆ ಸಾರಜನಕ ಸೇರುವುದನ್ನು ಅನುಕರಿಸುತ್ತಿತ್ತು. 1983ರಲ್ಲಿ ಅಮೆರಿಕದಲ್ಲಿ ಮಾರುಕಟ್ಟೆಗೆ ಬಂದ ಆರ್ಕಾ ಎಡ್ಜ್ ವಾಣಿಜ್ಯಿಕವಾಗಿ ಯಶಸ್ವಿಯಾದ ಮೊದಲ ವಿದ್ಯುನ್ಮಾನ ಡೈವ್ ಕಂಪ್ಯೂಟರ್‌ಗಳಲ್ಲಿ ಒಂದು. ಇಂದಿನ ಅನೇಕ ಮಾದರಿಗಳು ಸ್ವಿಟ್ಜರ್ಲೆಂಡಿನ ವೈದ್ಯ ಆಲ್ಬರ್ಟ್ ಬ್ಯೂಲ್ಮನ್ ರೂಪಿಸಿದ ಗಣನಕ್ರಮವನ್ನು ಆಧರಿಸಿವೆ. ಅದರ ಪ್ರಸಿದ್ಧ ಆವೃತ್ತಿಯಾದ ಝಡ್‌ಎಚ್‌ಎಲ್-16 ದೇಹವನ್ನು 16 ಕಾಲ್ಪನಿಕ ಅಂಗಾಂಶ ವಿಭಾಗಗಳಾಗಿ ಪರಿಗಣಿಸುತ್ತದೆ.

ಕಾರ್ಯವಿಧಾನ

ಡೈವ್ ಕಂಪ್ಯೂಟರ್ ಆಳವನ್ನು ನೇರವಾಗಿ ಅಳೆಯುವುದಿಲ್ಲ, ಒತ್ತಡವನ್ನು ಅಳೆದು ಅದನ್ನು ಆಳವಾಗಿ ಪರಿವರ್ತಿಸುತ್ತದೆ. ಸುಮಾರು 10 ಮೀಟರ್ ಸಮುದ್ರದ ನೀರು 1 ಬಾರ್ ಒತ್ತಡಕ್ಕೆ ಸಮ. ಯುರೋಪಿನ ಇಎನ್ 13319 ಮಾನಕವು ಈ ಪರಿವರ್ತನೆಗಾಗಿ ಸಿಹಿನೀರಿಗಿಂತ ಸುಮಾರು ಶೇಕಡ 2ರಷ್ಟು ಹೆಚ್ಚು ಸಾಂದ್ರತೆಯ ನೀರನ್ನು ಆಧಾರವಾಗಿ ಇಟ್ಟುಕೊಂಡಿದೆ. ಹೀಗಾಗಿ ಈ ಮಾನಕದಂತೆ ಹೊಂದಿಸಿದ ಉಪಕರಣವು ಸಿಹಿನೀರಿನ ಕೆರೆಯಲ್ಲಿ 20 ಮೀಟರ್ ಆಳದಲ್ಲಿದ್ದಾಗ ಸುಮಾರು 19.6 ಮೀಟರ್ ಎಂದು ತೋರಿಸುತ್ತದೆ. ಇದು ದೋಷವಲ್ಲ. ಸಾರಜನಕದ ಲೆಕ್ಕಕ್ಕೆ ಬೇಕಾದದ್ದು ಒತ್ತಡವೇ ಹೊರತು ಅಡಿಗೋಲಿನ ಅಳತೆಯಲ್ಲ.

ನೀರಿನಿಂದ ಹೊರಬಂದ ಮೇಲೂ ಉಪಕರಣದ ಕೆಲಸ ನಿಲ್ಲುವುದಿಲ್ಲ. ದೇಹದಲ್ಲಿ ಉಳಿದ ಸಾರಜನಕ ಹೊರಹೋಗಲು ಹಲವು ಗಂಟೆಗಳು ಬೇಕು. ಅಷ್ಟು ಹೊತ್ತೂ ಕಂಪ್ಯೂಟರ್ ಲೆಕ್ಕ ಮುಂದುವರಿಸಿ, ಅದೇ ದಿನದ ಮುಂದಿನ ಮುಳುಗಿಗೆ ಆ ಶೇಷವನ್ನು ಸೇರಿಸಿಕೊಳ್ಳುತ್ತದೆ.

ಕೆಡುವ ಭಾಗಗಳು

ಬ್ಯಾಟರಿ ಮತ್ತು ಓ-ರಿಂಗ್: ಬ್ಯಾಟರಿಯ ದೃಷ್ಟಿಯಿಂದ ಡೈವ್ ಕಂಪ್ಯೂಟರ್‌ಗಳಲ್ಲಿ ಮೂರು ಬಗೆಗಳಿವೆ. ಬಳಕೆದಾರರೇ ಬದಲಿಸಬಹುದಾದ ಸಾಮಾನ್ಯ ಬ್ಯಾಟರಿ ಅಥವಾ ನಾಣ್ಯದಾಕಾರದ ಲಿಥಿಯಂ ಕೋಶ ಇರುವವು, ಒಳಗೇ ಮುಚ್ಚಿಟ್ಟ ಮರುಪೂರಣ ಬ್ಯಾಟರಿ ಇರುವವು, ಮತ್ತು ಸೇವಾಕೇಂದ್ರದಲ್ಲಿ ಮಾತ್ರ ಬ್ಯಾಟರಿ ಬದಲಿಸಬೇಕಾದವು. ಮೊದಲನೆಯ ಬಗೆಯಲ್ಲಿ ನೀರು ಒಳಗೆ ನುಗ್ಗುವ ಸಾಮಾನ್ಯ ದಾರಿ ಬ್ಯಾಟರಿಯ ಮುಚ್ಚಳವೇ. ಮುಚ್ಚಳದ ಸುತ್ತಲಿರುವ ರಬ್ಬರಿನ ಓ-ರಿಂಗ್ ಮೇಲೆ ಒಂದು ಕೂದಲೆಳೆಯೋ ಮರಳಿನ ಕಣವೋ ಕುಳಿತಿದ್ದರೂ ಒತ್ತಡದಲ್ಲಿ ನೀರು ಒಳಬರಬಹುದು. ರಬ್ಬರ್ ವರ್ಷಗಳು ಕಳೆದಂತೆ ಚಪ್ಪಟೆಯಾಗಿ, ಬಿರುಸಾಗಿ, ಹಿಗ್ಗುವ ಗುಣವನ್ನು ಕಳೆದುಕೊಳ್ಳುತ್ತದೆ. ಮರುಪೂರಣ ಬ್ಯಾಟರಿಯು ಬಳಸದೆ ಇಟ್ಟರೂ ಮುಪ್ಪಾಗುತ್ತದೆ. ಅದನ್ನು ಬದಲಿಸಲು ಅವಕಾಶವಿಲ್ಲದ ಮಾದರಿಯಲ್ಲಿ ಬ್ಯಾಟರಿಯ ಆಯುಷ್ಯವೇ ಉಪಕರಣದ ಆಯುಷ್ಯ.

ಒತ್ತಡ ಸಂವೇದಕ: ಬಹುತೇಕ ಮಾದರಿಗಳಲ್ಲಿ ಒತ್ತಡಕ್ಕೆ ಬಾಗಿದಂತೆ ವಿದ್ಯುತ್ ರೋಧ ಬದಲಾಗುವ ಸಣ್ಣ ಸಿಲಿಕಾನ್ ಪೊರೆಯಿರುತ್ತದೆ. ಅನೇಕ ಸಂವೇದಕಗಳಲ್ಲಿ ಈ ಪೊರೆಯನ್ನು ಮೆದುವಾದ ಸಿಲಿಕೋನ್ ಜೆಲ್‌ನಿಂದ ಮುಚ್ಚಿ, ಅದರ ಮೂಲಕ ನೀರಿನ ಒತ್ತಡವನ್ನು ಒಳಗೆ ತಲುಪಿಸಲಾಗುತ್ತದೆ. ಒಣಗಿದ ಉಪ್ಪು, ಕೆಸರು, ಈಜುಕೊಳದ ಕ್ಲೋರಿನ್, ಬಿಸಿಲುರಕ್ಷಕ ಲೇಪನಗಳ ಎಣ್ಣೆ ಮುಂತಾದವು ಜೆಲ್‌ಗೆ ಹಾನಿ ಮಾಡಬಲ್ಲವು. ಸೂಜಿಯಿಂದ ಅಥವಾ ರಭಸದ ಗಾಳಿಯಿಂದ ಸಂವೇದಕದ ರಂಧ್ರವನ್ನು ಶುಚಿಗೊಳಿಸುವುದು ಇನ್ನೂ ಹೆಚ್ಚು ಹಾನಿಕರ.

ಗುಂಡಿಗಳು, ಸಂಪರ್ಕಬಿಂದುಗಳು ಮತ್ತು ಪರದೆ: ಅನೇಕ ಉಪಕರಣಗಳು ನೀರು ಸೋಕಿದಾಗ ತಾವಾಗಿ ಚಾಲೂ ಆಗಲು ಹೊರಮೈಯಲ್ಲಿ ಲೋಹದ ಬಿಂದುಗಳನ್ನು ಹೊಂದಿವೆ. ಅವುಗಳ ನಡುವೆ ಉಪ್ಪಿನ ಪದರವೋ ತೇವವೋ ಉಳಿದರೆ ಉಪಕರಣವು ಚೀಲದೊಳಗೂ ಎಚ್ಚರವಾಗಿಯೇ ಇದ್ದು ಬ್ಯಾಟರಿ ಬರಿದಾಗುತ್ತದೆ. ಬಿಂದುಗಳು ತುಕ್ಕು ಹಿಡಿದರೆ ನೀರಿಗಿಳಿದರೂ ಚಾಲೂ ಆಗದಿರಬಹುದು. ಒತ್ತುಗುಂಡಿಗಳ ಕಡ್ಡಿಯ ಸುತ್ತ ಉಪ್ಪು ಕಟ್ಟಿಕೊಂಡು ಗುಂಡಿ ಸಿಕ್ಕಿಕೊಳ್ಳುತ್ತದೆ. ಬಿಸಿಲಿನಲ್ಲಿ ಬಿಟ್ಟ ದ್ರವಸ್ಫಟಿಕ ಪರದೆಯು ಕಪ್ಪಾಗಬಹುದು.

ತಂತ್ರಾಂಶ: ಯಂತ್ರಭಾಗಗಳೆಲ್ಲ ಸರಿಯಾಗಿದ್ದರೂ ಲೆಕ್ಕ ತಪ್ಪಬಹುದು. ಉವಾಟೆಕ್ ಸಂಸ್ಥೆಯ ಅಲಾಡಿನ್ ಏರ್ ಎಕ್ಸ್ ನೈಟ್ರಾಕ್ಸ್ ಮಾದರಿ ಇದಕ್ಕೆ ಪ್ರಸಿದ್ಧ ಉದಾಹರಣೆ. 1995ರಲ್ಲಿ ತಯಾರಾದ ಕೆಲವು ಉಪಕರಣಗಳು, ಮುಳುಗುಗಾರನು ನೀರಿನಿಂದ ಹೊರಬಂದ ಮೇಲೂ ಆಮ್ಲಜನಕ ಹೆಚ್ಚಿರುವ ನೈಟ್ರಾಕ್ಸ್ ಮಿಶ್ರಣವನ್ನೇ ಉಸಿರಾಡುತ್ತಿದ್ದಾನೆಂದು ಭಾವಿಸಿ ಲೆಕ್ಕ ಹಾಕುತ್ತಿದ್ದವು. ಪರಿಣಾಮವಾಗಿ ದೇಹದಿಂದ ಸಾರಜನಕವು ನಿಜಕ್ಕಿಂತ ಬೇಗ ಹೊರಹೋದಂತೆ ತೋರಿ, ಮರುಮುಳುಗಿಗೆ ಹೆಚ್ಚು ಸಮಯ ಸಿಗುತ್ತಿತ್ತು. ಈ ಉಪಕರಣಗಳನ್ನು 2003ರಲ್ಲಿ ಅಮೆರಿಕದಲ್ಲಿ ಅಧಿಕೃತವಾಗಿ ಹಿಂದಕ್ಕೆ ಕರೆಸಿಕೊಳ್ಳಲಾಯಿತು.

ಮೌನ ದೋಷದ ಅಪಾಯ

ದೋಷಗಳನ್ನು ಸ್ಥೂಲವಾಗಿ ಎರಡಾಗಿ ವಿಂಗಡಿಸಬಹುದು. ಪರದೆ ಆರಿಹೋಗುವುದು, ಗಾಜಿನ ಒಳಗೆ ನೀರು ಕಾಣಿಸುವುದು, ಆಳದ ಅಂಕಿ ಒಮ್ಮೆಲೇ ಅಸಂಗತವಾಗಿ ಜಿಗಿಯುವುದು ಪ್ರಕಟ ದೋಷಗಳು. ಇವು ಎಚ್ಚರಿಕೆ ಕೊಟ್ಟು ಕೆಡುತ್ತವೆ; ಮುಳುಗುಗಾರನು ಮುಳುಗನ್ನು ಅಲ್ಲಿಗೇ ನಿಲ್ಲಿಸಿ ಮೇಲೇರಬಹುದು. ಸಂವೇದಕವು ಸ್ವಲ್ಪಸ್ವಲ್ಪವಾಗಿ ವಾಲಿ, ನಿಜಕ್ಕಿಂತ ಕಡಿಮೆ ಆಳವನ್ನು ತೋರಿಸತೊಡಗುವುದು ಮೌನ ದೋಷ. ಅಂಕಿಗಳು ಸಹಜವಾಗಿಯೇ ಕಾಣುತ್ತಿರುವುದರಿಂದ ಇದು ಗಮನಕ್ಕೆ ಬರುವುದಿಲ್ಲ.

ಅಲ್ಪ ವ್ಯತ್ಯಾಸವೂ ಎಷ್ಟು ದೊಡ್ಡದಾಗಬಲ್ಲದು ಎಂಬುದನ್ನು ಅಮೆರಿಕದ ನೌಕಾಪಡೆಯ ಹಳೆಯ ಕೋಷ್ಟಕದಿಂದ ತಿಳಿಯಬಹುದು. ಅದರಲ್ಲಿ ನಿಲುಗಡೆಯಿಲ್ಲದೆ ಮೇಲೇರಲು 90 ಅಡಿ ಆಳಕ್ಕೆ 30 ನಿಮಿಷ, 100 ಅಡಿಗೆ 25 ನಿಮಿಷ ಮಿತಿಯಿತ್ತು. ನಡುವಿನ ಆಳಗಳಿಗೆ ಹೆಚ್ಚಿನ ಆಳದ ಸಾಲನ್ನೇ ಓದಬೇಕೆಂಬುದು ನಿಯಮ. ನಿಜವಾದ ಆಳ 95 ಅಡಿಯಿದ್ದು ಮಾಪಕವು 90 ಅಡಿ ಎಂದು ತೋರಿಸಿದರೆ, 25 ನಿಮಿಷಕ್ಕೆ ಹೊರಡಬೇಕಾದವನು 30 ನಿಮಿಷ ಉಳಿಯುತ್ತಾನೆ. ಶೇಕಡ 5ರಷ್ಟು ತಪ್ಪು ಅಳತೆಯು ಮಿತಿಯ ಐದನೆಯ ಒಂದು ಭಾಗವನ್ನು ನುಂಗಿಹಾಕುತ್ತದೆ.

ಆಳದ ಸಂವೇದಕದ ದೋಷದ ಪ್ರಶ್ನೆ ನ್ಯಾಯಾಲಯವನ್ನೂ ತಲುಪಿದೆ. ಫಿನ್ಲೆಂಡಿನ ಸೂಂಟೊ ಸಂಸ್ಥೆಯ ಡೈವ್ ಕಂಪ್ಯೂಟರ್‌ಗಳ ಕುರಿತು ಅಮೆರಿಕದಲ್ಲಿ ಹೂಡಲಾದ ಸಾಮೂಹಿಕ ದಾವೆಯೊಂದು 2018ರಲ್ಲಿ ರಾಜಿ ಒಪ್ಪಂದಕ್ಕೆ ಬಂದು, ಸಂವೇದಕ ದೋಷವಿರುವ ಉಪಕರಣಗಳ ಪರಿಶೀಲನೆ ಮತ್ತು ದುರಸ್ತಿ ಅಥವಾ ಬದಲಾವಣೆಗೆ ಅವಕಾಶ ಕಲ್ಪಿಸಲಾಯಿತು.

ಪರೀಕ್ಷಾ ವಿಧಾನಗಳು

ಮೌನ ದೋಷವನ್ನು ಪತ್ತೆಹಚ್ಚಲು ಹೋಲಿಕೆಯೇ ಮುಖ್ಯ ಸಾಧನ. ಮೂರು ವಿಧಾನಗಳು ಬಳಕೆಯಲ್ಲಿವೆ.

ಮೊದಲನೆಯದು, ಮೇಲ್ಮೈ ಒತ್ತಡದ ಪರಿಶೀಲನೆ. ಕೆಲವು ಮಾದರಿಗಳು ವಾತಾವರಣದ ಒತ್ತಡವನ್ನು ಮಿಲಿಬಾರ್‌ಗಳಲ್ಲಿ ತೋರಿಸುತ್ತವೆ. ಸಮುದ್ರಮಟ್ಟದಲ್ಲಿ ಇದರ ಪ್ರಮಾಣಿತ ಬೆಲೆ ಸುಮಾರು 1013. ಸಮುದ್ರತೀರದಲ್ಲಿಯೇ ಇದ್ದರೂ ಉಪಕರಣವು 950ರ ಆಸುಪಾಸಿನ ಅಂಕಿಯನ್ನು ತೋರಿಸಿದರೆ ಸಂವೇದಕವನ್ನು ಅನುಮಾನಿಸಬೇಕು. ಇಂತಹ ಉಪಕರಣವು ತಾನು ಎತ್ತರದ ಪ್ರದೇಶದಲ್ಲಿದ್ದೇನೆಂದು ತಿಳಿದುಕೊಳ್ಳಬಹುದು.

ಎರಡನೆಯದು, ಜೊತೆ ಹೋಲಿಕೆ. ಎರಡು ಉಪಕರಣಗಳನ್ನು ಒಂದೇ ಮಣಿಕಟ್ಟಿನಲ್ಲಿ ಅಥವಾ ಒಂದೇ ಹಗ್ಗದಲ್ಲಿ ಕಟ್ಟಿ ಇಳಿಸಿ, ಬೇರೆಬೇರೆ ಆಳಗಳಲ್ಲಿ ಅಂಕಿಗಳನ್ನು ಗುರುತಿಸಿಕೊಳ್ಳಲಾಗುತ್ತದೆ. ಮೇಲ್ಮೈಯಲ್ಲಿ ಸರಿಯಿದ್ದು ಆಳದಲ್ಲಿ ಮಾತ್ರ ತಪ್ಪುವ ಸಂವೇದಕಗಳೂ ಇರುವುದರಿಂದ ಒಂದೇ ಆಳದ ಪರೀಕ್ಷೆ ಸಾಲದು.

ಮೂರನೆಯದು, ಒತ್ತಡಪಾತ್ರೆಯ ಪರೀಕ್ಷೆ. ಪಾರದರ್ಶಕ ಕಿಟಕಿಯಿರುವ ಗಟ್ಟಿಪಾತ್ರೆಯಲ್ಲಿ ನೀರು ತುಂಬಿ ಉಪಕರಣವನ್ನು ಮುಳುಗಿಸಿ, ಕೈಪಂಪಿನಿಂದ ಒತ್ತಡ ಏರಿಸಿ, ಪ್ರಮಾಣಿತ ಮಾಪಕದೊಂದಿಗೆ ಹೋಲಿಸಲಾಗುತ್ತದೆ. ಪಾತ್ರೆಯಲ್ಲಿ ಗಾಳಿ ಉಳಿಯದಂತೆ ನೋಡಿಕೊಳ್ಳುವುದು ಅಗತ್ಯ. ಒತ್ತಿದ ಗಾಳಿಯಲ್ಲಿ ಹೆಚ್ಚು ಶಕ್ತಿ ಶೇಖರವಾಗುವುದರಿಂದ ಪಾತ್ರೆ ಒಡೆದರೆ ಸ್ಫೋಟದ ಅಪಾಯವಿದೆ.

ದುರಸ್ತಿ

ಓ-ರಿಂಗ್, ಬ್ಯಾಟರಿ, ಪಟ್ಟಿ ಮತ್ತು ಪರದೆಯ ರಕ್ಷಾಕವಚಗಳ ಬದಲಾವಣೆ ಸರಳವಾದದ್ದು. ಹಳೆಯ ಓ-ರಿಂಗನ್ನು ಮೊನಚಲ್ಲದ ಕಡ್ಡಿಯಿಂದ ತೆಗೆದು, ತೋಡನ್ನು ಒರೆಸಿ, ಸರಿಯಾದ ಅಳತೆಯ ಹೊಸ ರಿಂಗಿಗೆ ತಯಾರಕರು ಸೂಚಿಸಿದ ಲೇಪನವನ್ನು ತೆಳುವಾಗಿ ಹಚ್ಚಿ ಕೂರಿಸಲಾಗುತ್ತದೆ. ಲೇಪನ ಹೆಚ್ಚಾದರೆ ಅದು ಧೂಳನ್ನು ಹಿಡಿದಿಡುತ್ತದೆ.

ನೀರು ಹೊಕ್ಕ ಉಪಕರಣದ ಬ್ಯಾಟರಿಯನ್ನು ತಡಮಾಡದೆ ತೆಗೆಯಬೇಕು. ಉಪ್ಪುನೀರಿನಲ್ಲಿ ವಿದ್ಯುತ್ ಹರಿಯುತ್ತಿರುವಷ್ಟು ಹೊತ್ತೂ ಲೋಹ ಕರಗುತ್ತಲೇ ಇರುತ್ತದೆ. ಒಳಗೆ ಅನಿಲದ ಒತ್ತಡ ಸೇರಿರಬಹುದಾದ್ದರಿಂದ ಮುಚ್ಚಳವನ್ನು ಮುಖಕ್ಕೆ ಎದುರಾಗಿ ಹಿಡಿದು ಬಿಚ್ಚಬಾರದು. ಬ್ಯಾಟರಿಯ ಕೋಣೆಯನ್ನು ವಿದ್ಯುನ್ಮಾನ ಭಾಗದಿಂದ ಪ್ರತ್ಯೇಕವಾಗಿ ಮುಚ್ಚಿರುವ ಮಾದರಿಗಳು ಇಂತಹ ಅವಘಡದಿಂದ ಪಾರಾಗುವ ಸಾಧ್ಯತೆ ಹೆಚ್ಚು.

ಸಂವೇದಕದ ಬದಲಾವಣೆ ಇದಕ್ಕಿಂತ ಕಠಿಣ. ಹೊಸ ಸಂವೇದಕವನ್ನು ಬೆಸುಗೆ ಹಾಕುವುದರಿಂದ ಕೆಲಸ ಮುಗಿಯುವುದಿಲ್ಲ. ಅದರ ಮಾಪನಾಂಕಗಳು ತಂತ್ರಾಂಶಕ್ಕೆ ಹೊಂದಬೇಕು, ಕವಚ ಮತ್ತೆ ಜಲನಿರೋಧಕವಾಗಬೇಕು, ಇಡೀ ಉಪಕರಣವನ್ನು ಒತ್ತಡದಲ್ಲಿ ಪರೀಕ್ಷಿಸಬೇಕು. ಈ ಸೌಲಭ್ಯ ಸಾಮಾನ್ಯ ಗಡಿಯಾರ ರಿಪೇರಿ ಅಂಗಡಿಗಳಲ್ಲಿ ಇರುವುದಿಲ್ಲ. ಡೈವ್ ಕಂಪ್ಯೂಟರ್ ದುರಸ್ತಿಯಲ್ಲಿ ಭಾಗವನ್ನು ಬದಲಿಸುವುದಕ್ಕಿಂತ, ಬದಲಿಸಿದ ಮೇಲೆ ಉಪಕರಣವು ಸತ್ಯವನ್ನೇ ಹೇಳುತ್ತಿದೆಯೆಂದು ಸಾಬೀತುಪಡಿಸುವುದು ಹೆಚ್ಚು ಕಷ್ಟ. ಉತ್ಪಾದನೆ ನಿಂತ ಮಾದರಿಗಳಿಗೆ ಬಿಡಿಭಾಗ ದೊರೆಯದೆ, ಚಿಕ್ಕ ದೋಷಕ್ಕೂ ಉಪಕರಣವನ್ನೇ ಬಿಡಬೇಕಾಗುವುದುಂಟು.

ಯುರೋಪಿಯನ್ ಒಕ್ಕೂಟವು 2023ರಲ್ಲಿ ಹೊರಡಿಸಿದ ಬ್ಯಾಟರಿ ನಿಯಮದಂತೆ, 2027ರ ಫೆಬ್ರವರಿ 18ರಿಂದ ಉಪಕರಣಗಳಲ್ಲಿನ ಸಣ್ಣ ಬ್ಯಾಟರಿಗಳನ್ನು ಬಳಕೆದಾರರೇ ತೆಗೆದು ಬದಲಿಸುವಂತಿರಬೇಕು. ಮುಖ್ಯವಾಗಿ ನೀರಿನ ಸಂಪರ್ಕದಲ್ಲಿ ಬಳಸುವ ಕೆಲವು ಉಪಕರಣಗಳಿಗೆ ಷರತ್ತುಬದ್ಧ ವಿನಾಯಿತಿಯಿದ್ದು, ಅವುಗಳ ಬ್ಯಾಟರಿಯನ್ನು ಸ್ವತಂತ್ರ ತಂತ್ರಜ್ಞರು ಬದಲಿಸುವಂತಿದ್ದರೆ ಸಾಕು. ಸುಲಭ ದುರಸ್ತಿಗೂ ಭದ್ರವಾದ ಜಲನಿರೋಧಕತೆಗೂ ನಡುವಿನ ಎಳೆದಾಟವನ್ನು ಈ ವಿನಾಯಿತಿ ಸೂಚಿಸುತ್ತದೆ.

ನೀರಿನಡಿಯಲ್ಲಿ ಉಪಕರಣ ಕೆಟ್ಟಾಗ

ಮನರಂಜನೆಯ ಮುಳುಗಿನಲ್ಲಿ ಕಂಪ್ಯೂಟರ್ ಕೆಟ್ಟರೆ ಮುಳುಗನ್ನು ಕೊನೆಗೊಳಿಸಿ, ನಿಮಿಷಕ್ಕೆ 9 ಮೀಟರಿಗಿಂತ ಹೆಚ್ಚಿಲ್ಲದ ವೇಗದಲ್ಲಿ ಮೇಲೇರಿ, ಗಾಳಿ ಸಾಕಷ್ಟಿದ್ದರೆ ಸುಮಾರು 5 ಮೀಟರ್ ಆಳದಲ್ಲಿ ಕನಿಷ್ಠ 3 ನಿಮಿಷ ನಿಲ್ಲುವುದು ರೂಢಿ. ಜೊತೆಗಾರನ ಕಂಪ್ಯೂಟರನ್ನು ತನ್ನದೆಂಬಂತೆ ನಂಬುವುದು ಸರಿಯಲ್ಲ. ಇಬ್ಬರ ಆಳವೂ ಹಿಂದಿನ ಮುಳುಗುಗಳೂ ಒಂದೇ ಆಗಿರುವುದಿಲ್ಲ. ನಿಲುಗಡೆ ಕಡ್ಡಾಯವಾದ ಆಳದ ಮುಳುಗುಗಳಲ್ಲಿ ಎರಡನೆಯ ಕಂಪ್ಯೂಟರನ್ನೋ, ಆಳ-ಸಮಯ ಮಾಪಕ ಮತ್ತು ಲಿಖಿತ ಕೋಷ್ಟಕವನ್ನೋ ಜೊತೆಗೆ ಒಯ್ಯಲಾಗುತ್ತದೆ.

ಕೆಟ್ಟ ಉಪಕರಣದ ಬದಲಿಗೆ ಹೊಸದನ್ನು ಕಟ್ಟಿಕೊಂಡು ಅದೇ ದಿನ ಮತ್ತೆ ಇಳಿಯುವುದು ಅಪಾಯಕರ. ಹೊಸ ಉಪಕರಣಕ್ಕೆ ದೇಹದಲ್ಲಿ ಉಳಿದಿರುವ ಸಾರಜನಕದ ಅರಿವಿಲ್ಲ. ಬ್ಯಾಟರಿ ತೆಗೆದೊಡನೆ ಹಿಂದಿನ ಲೆಕ್ಕವನ್ನು ಕಳೆದುಕೊಳ್ಳುವ ಮಾದರಿಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಇಂತಹ ಸಂದರ್ಭದಲ್ಲಿ 24 ಗಂಟೆಗಳ ಬಿಡುವು ಕೊಡುವುದು ವ್ಯಾಪಕವಾಗಿ ಪಾಲಿಸಲಾಗುವ ಎಚ್ಚರಿಕೆ.

ಸಂರಕ್ಷಣೆ

ಪ್ರತಿ ಮುಳುಗಿನ ನಂತರ ಉಪಕರಣವನ್ನು ಸಿಹಿನೀರಿನಲ್ಲಿ ನೆನೆಸಿ ತೊಳೆದು, ನೆರಳಿನಲ್ಲಿ ಒಣಗಿಸುವುದು ಅತ್ಯಂತ ಪರಿಣಾಮಕಾರಿಯಾದ ರಕ್ಷಣೆ. ಉಪ್ಪು ಒಣಗಿ ಹರಳುಗಟ್ಟಿದ ಮೇಲೆ ಅದನ್ನು ತೆಗೆಯುವುದು ಕಷ್ಟ. ಬಾಗಿಲು ಮುಚ್ಚಿದ ಕಾರಿನಲ್ಲಿ ಅಥವಾ ದೋಣಿಯ ಅಟ್ಟದ ಮೇಲೆ ಬಿಸಿಲಿಗೆ ಬಿಡಬಾರದು.

ದೀರ್ಘಕಾಲ ಬಳಸದೆ ಇಡುವಾಗ ವಿಶೇಷ ಗಮನ ಬೇಕು. ಕರ್ನಾಟಕದ ಕರಾವಳಿಯಲ್ಲಿ ಮುರುಡೇಶ್ವರದಿಂದ ದೋಣಿಯಲ್ಲಿ ತಲುಪುವ ನೇತ್ರಾಣಿ ದ್ವೀಪದ ಬಳಿ ಸ್ಕೂಬಾ ಡೈವಿಂಗ್ ನಡೆಯುತ್ತದೆ. ಮುಂಗಾರಿನ ತಿಂಗಳುಗಳಲ್ಲಿ ಕಡಲು ಪ್ರಕ್ಷುಬ್ಧವಾಗುವುದರಿಂದ ಅಲ್ಲಿ ಮುಳುಗುವಿಕೆ ಸ್ಥಗಿತಗೊಳ್ಳುತ್ತದೆ. ಹೀಗೆ ತಿಂಗಳುಗಟ್ಟಲೆ ತೇವದ ಹವೆಯಲ್ಲಿ ಇಡುವ ಉಪಕರಣದ ಸಂಪರ್ಕಬಿಂದುಗಳನ್ನು ಒರೆಸಿ ಒಣಗಿಸಿಡಬೇಕು, ಮರುಪೂರಣ ಬ್ಯಾಟರಿಯನ್ನು ಪೂರ್ತಿ ಬರಿದಾಗಲು ಬಿಡಬಾರದು. ಹೊಸ ಋತುವಿನ ಮೊದಲ ಮುಳುಗಿಗೆ ಮುನ್ನ ಮೇಲ್ಮೈ ಒತ್ತಡ, ಗಡಿಯಾರ ಮತ್ತು ಗುಂಡಿಗಳನ್ನು ಪರಿಶೀಲಿಸಿ, ಕಡಿಮೆ ಆಳದಲ್ಲಿ ಮತ್ತೊಂದು ಉಪಕರಣದೊಂದಿಗೆ ಹೋಲಿಸಿ ನೋಡುವುದು ಸೂಕ್ತ.