ಸಾಹುಕಾರಿ ಕಾರಿನ ಖರ್ಚಿನ ಪುಸ್ತಕ

ಪರಶುರಾಂಪುರದ ನಮ್ಮ ದೊಡ್ಡಪ್ಪನ ಮನೆಯ ಹಿತ್ತಲಿನಲ್ಲಿ, ತಗಡಿನ ಚಪ್ಪರದ ಕೆಳಗೆ, ಒಂದು ಕಾಂಟೆಸ್ಸಾ ಕಾರು ಬಹಳ ವರ್ಷಗಳಿಂದ ನಿಂತಿದೆ. ದೊಡ್ಡಪ್ಪ ಈಗಿಲ್ಲ. ಹಳೆಯ ವಾಹನಗಳ ನೋಂದಣಿ ನವೀಕರಣದ ಶುಲ್ಕ ಮತ್ತೆ ಏರಿದ ಸುದ್ದಿ ಬಂದಾಗ ಅವರ ಮಗ, ನನ್ನ ಅಣ್ಣ, ಫೋನು ಮಾಡಿದ. "ಇಟ್ಕೊಳ್ಳಾಣ ಅಂದ್ರೆ ಖರ್ಚು, ಗುಜರಿಗೆ ಹಾಕಾಣ ಅಂದ್ರೆ ಮನಸ್ಸು ಬರಲ್ಲ. ಇತಿಹಾಸ ಓದಿದೋನು ನೀನು, ಬಂದು ನೋಡಿ ಹೇಳು ತಮ್ಮಾ" ಎಂದ.

ಹೋದೆ. ಕಾರಿಗಿಂತ ಮೊದಲು ನನ್ನ ಕೈಗೆ ಸಿಕ್ಕಿದ್ದು ಬೀರುವಿನಲ್ಲಿದ್ದ ಕೆಂಪು ಬಟ್ಟೆಯ ಬೈಂಡಿನ ಪುಸ್ತಕ. ಮೇಲೆ ದೊಡ್ಡಪ್ಪನ ಗುಂಡು ಅಕ್ಷರದಲ್ಲಿ 'ಗಾಡಿ ಖರ್ಚು' ಎಂದಿತ್ತು. ಅವರು ಚಳ್ಳಕೆರೆಯಲ್ಲಿ ಶೇಂಗಾ ಮಂಡಿ ನಡೆಸುತ್ತಿದ್ದವರು. ಮಂಡಿಯ ಲೆಕ್ಕ ಬರೆಯುವ ಶಿಸ್ತಿನಲ್ಲೇ ಕಾರಿನ ಲೆಕ್ಕವನ್ನೂ ಬರೆದಿದ್ದರು. ಅರಮನೆಗಳ ಕಾರುಗಳ ಬಗ್ಗೆ ನಮ್ಮಲ್ಲಿ ಬೇಕಾದಷ್ಟು ಬರಹಗಳಿವೆ. ಆದರೆ ದುಬಾರಿ ಕಾರೊಂದು ಹಳೆಯದಾಗುತ್ತ ಹೋದಾಗ ಅದನ್ನು ಸಾಕಿದ ಮನೆ ಹೇಗೆ ಬದುಕಿತು ಎಂಬುದನ್ನು ಇಂಥ ಪುಸ್ತಕಗಳಲ್ಲಿಯೇ ಹುಡುಕಬೇಕು.

ಮೊದಲು ಕಾರಿನ ಹುಟ್ಟನ್ನು ನೋಡೋಣ. ಸ್ವಾತಂತ್ರ್ಯದ ಮೊದಲು ಭಾರತದಲ್ಲಿ ಶ್ರೀಮಂತರ ಕಾರೆಂದರೆ ಹೊರದೇಶದ್ದು. ಬಿಡಿಭಾಗಗಳಾಗಿ ಬಂದು ಮುಂಬಯಿ, ಮದರಾಸುಗಳಲ್ಲಿ ಜೋಡಣೆಯಾಗುತ್ತಿದ್ದವು. 1953ರಲ್ಲಿ ಸುಂಕ ಆಯೋಗವು ಇಲ್ಲಿಯೇ ತಯಾರಿಸುವ ಯೋಜನೆಯುಳ್ಳ ಕಂಪನಿಗಳಿಗೆ ಮಾತ್ರ ಅವಕಾಶವಿರಲಿ ಎಂದಿತು. ಜನರಲ್ ಮೋಟರ್ಸ್, ಫೋರ್ಡ್ ಗಂಟುಮೂಟೆ ಕಟ್ಟಿದವು. ಆಗಲೇ ಇಲ್ಲಿದ್ದ ಬ್ಯೂಕ್, ಷೆವ್ರೊಲೆಗಳು ತಾಯಿಯಿಲ್ಲದ ತಬ್ಬಲಿಗಳಾದವು. ಭಾಗ ಮುರಿದರೆ ಹೊಸದು ಬರುವ ದಾರಿ ಮುಚ್ಚಿತು. 1973ರ ತೈಲ ಬಿಕ್ಕಟ್ಟಿನ ನಂತರ ಪೆಟ್ರೋಲ್ ಖರ್ಚು ತಾಳಲಾರದೆ ಅನೇಕರು ಆ ದೊಡ್ಡ ಕಾರುಗಳಿಗೆ ಡೀಸೆಲ್ ಎಂಜಿನ್ ಕೂರಿಸಿದರು. ಹಳೆಯ ಸಾಹುಕಾರಿ ಕಾರನ್ನು ಹೇಗಾದರೂ ಓಡಿಸುವ ನಮ್ಮ ಮೇಸ್ತ್ರಿಗಳ ವಿದ್ಯೆ ಬಲಿತದ್ದು ಈ ಕೊರತೆಯ ಕಾಲದಲ್ಲಿ.

ಎಂಬತ್ತರ ದಶಕದಲ್ಲಿ ಬಾಗಿಲು ಸ್ವಲ್ಪ ತೆರೆಯಿತು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ದೊಡ್ಡ ಕಾರು ಬೇಕೆನ್ನುವವರಿಗೆ ಹಿಂದೂಸ್ತಾನ್ ಮೋಟರ್ಸ್ 1984ರಲ್ಲಿ ಕಾಂಟೆಸ್ಸಾ ತಂದಿತು. ಮರುವರ್ಷ ಮದರಾಸಿನಿಂದ ಸ್ಟ್ಯಾಂಡರ್ಡ್ 2000, ಮುಂಬಯಿಯಿಂದ ಪ್ರೀಮಿಯರ್ 118 ಎನ್‌ಇ ಬಂದವು. ವಿಚಿತ್ರವೆಂದರೆ ಈ ಮೂರೂ 'ಹೊಸ' ಕಾರುಗಳ ಮೈ ಬೇರೆ ದೇಶದವರು ಉಟ್ಟು ಬಿಟ್ಟದ್ದು. ಕಾಂಟೆಸ್ಸಾದ ಮೈ ಇಂಗ್ಲೆಂಡಿನ ವಾಕ್ಸ್‌ಹಾಲ್ ಕಂಪನಿ 1972ರಲ್ಲಿ ಹೊರತಂದ ವಿಕ್ಟರ್ ಮಾದರಿಯದು. ಬಾನೆಟ್ಟಿನ ಒಳಗಿದ್ದದ್ದು ಅಂಬಾಸಿಡರಿನ 1489 ಸಿಸಿ ಎಂಜಿನ್. ಆನೆಗೆ ಎತ್ತಿನ ಗುಂಡಿಗೆ ಇಟ್ಟ ಹಾಗಾಯಿತೆಂದು ನಗರದವರು ಆಡಿಕೊಂಡರು. ದಶಕದ ಕೊನೆಯ ಹೊತ್ತಿಗೆ ಜಪಾನಿನ ಇಸುಜು ವಿನ್ಯಾಸದ 1.8 ಲೀಟರ್ ಎಂಜಿನ್ ಬಂದಮೇಲೆ ಕಾರಿಗೆ ತಕ್ಕ ಕಸುವು ಸಿಕ್ಕಿತು.

ದೊಡ್ಡಪ್ಪ 1991ರಲ್ಲಿ ಕೊಂಡದ್ದು ಸೆಕೆಂಡ್ ಹ್ಯಾಂಡ್ ಗಾಡಿ, ಅದೂ ಹಳೆಯ ಎಂಜಿನ್ನಿನದು. ಜಿಪುಣತನವೆಂದು ನಾವೆಲ್ಲ ಅಂದುಕೊಂಡಿದ್ದೆವು. ಖರ್ಚಿನ ಪುಸ್ತಕ ಓದಿದಮೇಲೆ ಅದು ಲೆಕ್ಕಾಚಾರವೆಂದು ತಿಳಿಯಿತು. ಅಂಬಾಸಿಡರಿನ ಪಿಸ್ಟನ್ನು, ರಿಂಗು, ವಾಲ್ವು, ಕ್ಲಚ್ ಪ್ಲೇಟು ಚಳ್ಳಕೆರೆ, ಹಿರಿಯೂರಿನಲ್ಲೂ ಸಿಗುತ್ತಿದ್ದವು. ಅದನ್ನು ಬಿಚ್ಚಿ ಕೂಡಿಸಲು ಬಾರದ ಮೇಸ್ತ್ರಿಯೇ ಇರಲಿಲ್ಲ. ನಗರದವರು ಬೈದ ಎಂಜಿನ್ನೇ ನಮ್ಮ ಸೀಮೆಗೆ ವರವಾಗಿತ್ತು. ಪುಸ್ತಕದಲ್ಲಿ ಎಂಜಿನ್ನಿನ ಖರ್ಚೆಲ್ಲ ಸಣ್ಣ ಸಣ್ಣ ಮೊತ್ತಗಳಲ್ಲೇ ಇದೆ. ದೊಡ್ಡ ಮೊತ್ತಗಳು ಕಾಣುವುದು ಅಂಬಾಸಿಡರಿನಲ್ಲಿ ಇಲ್ಲದ, ಕಾಂಟೆಸ್ಸಾಕ್ಕೇ ವಿಶೇಷವಾದ ಭಾಗಗಳಿಗೆ: ಮುಂದಿನ ಗಾಜು, ದೀಪ, ಬಾಗಿಲಿನ ರಬ್ಬರು. ಇವಕ್ಕಾಗಿ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಬೇಕು, ಅಲ್ಲಿಲ್ಲದಿದ್ದರೆ ಶಿವಾಜಿನಗರದ ಗುಜರಿ ಅಂಗಡಿಗಳಿಗೆ. ಭಾಗದ ಬೆಲೆಯ ಕೆಳಗೇ ಬಸ್ ಚಾರ್ಜು, ಊಟ, ಲಾಡ್ಜಿನ ಖರ್ಚನ್ನೂ ಅವರು ಬರೆದಿದ್ದಾರೆ. ನಾವು ಲೆಕ್ಕ ಹಾಕುವಾಗ ಮರೆಯುವುದು ಇದನ್ನೇ.

ಎರಡನೆಯ ವರ್ಷದಿಂದ ಒಂದು ಪದ ಮತ್ತೆ ಮತ್ತೆ ಬರುತ್ತದೆ: 'ಹೀಟು'. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಚಳ್ಳಕೆರೆ ತಾಲ್ಲೂಕು ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ಕಡೆಗಳಲ್ಲೊಂದು. ವೇದಾವತಿ ನಮ್ಮ ಹೋಬಳಿಯನ್ನು ಹಾದು ಆಂಧ್ರಕ್ಕೆ ಹೋಗುತ್ತಾಳೆ ನಿಜ, ಆದರೆ ವರ್ಷದ ಬಹುಪಾಲು ಅಲ್ಲಿ ಕಾಣುವುದು ಮರಳು. ಕುಡಿಯಲು, ತೊಳೆಯಲು, ರೇಡಿಯೇಟರಿಗೆ ಹಾಕಲು ಎಲ್ಲಕ್ಕೂ ಬೋರಿನ ಸವುಳು ನೀರು. ನೀರು ಕಾಯಿಸುವ ಹಂಡೆಯ ತಳದಲ್ಲಿ ಬಿಳಿ ಪರೆ ಕಟ್ಟುವುದನ್ನು ನಮ್ಮ ಹೆಂಗಸರು ದಿನವೂ ನೋಡುತ್ತಾರೆ. ಅದೇ ಪರೆ ರೇಡಿಯೇಟರಿನ ತೆಳು ಕೊಳವೆಗಳ ಒಳಗೂ ಕಟ್ಟುತ್ತದೆ. ಕೊಳವೆ ಕಿರಿದಾದರೆ ನೀರಿನ ಓಟ ತಗ್ಗುತ್ತದೆ. ಓಟ ತಗ್ಗಿದರೆ ಎಂಜಿನ್ ಕಾಯುತ್ತದೆ. ಅತಿಯಾಗಿ ಕಾದರೆ ಹೆಡ್ ಬಾಗಿ ಗ್ಯಾಸ್ಕೆಟ್ ಸುಡುತ್ತದೆ. ಆಮೇಲೆ ಆಯಿಲ್ಲಿಗೆ ನೀರು ಬೆರೆತು ಹಾಲು ಹಾಕಿದ ಚಹಾದಂತೆ ಕಾಣುತ್ತದೆ.

ಮೂರು ಬಾರಿ ಗ್ಯಾಸ್ಕೆಟ್ ಬದಲಿಸಿದಮೇಲೆ ಮೇಸ್ತ್ರಿ ಹೇಳಿದ ಮಾತನ್ನು ದೊಡ್ಡಪ್ಪ ಮೊತ್ತದ ಪಕ್ಕದಲ್ಲಿಯೇ ಬರೆದಿದ್ದಾರೆ: 'ತಪ್ಪು ಗಾಡಿದಲ್ಲ, ನೀರಿಂದು.' ಅಂದಿನಿಂದ ಮಳೆ ಬಂದಾಗ ತಗಡಿನಿಂದ ಸುರಿಯುವ ನೀರನ್ನು ಕೊಡಗಳಲ್ಲಿ ಹಿಡಿದಿಟ್ಟು ಕಾರಿಗೆ ಹಾಕುತ್ತಿದ್ದರು. ಮನೆಯವರು ಸವುಳು ನೀರು ಕುಡಿಯುವಾಗ ಕಾರಿಗೆ ಮಳೆಯ ನೀರು! ದೊಡ್ಡಮ್ಮ ಇದನ್ನು ಕೊನೆಯವರೆಗೂ ಆಡಿ ತೋರಿಸುತ್ತಿದ್ದರು.

ಇಷ್ಟು ಕಷ್ಟಪಟ್ಟು ಅದನ್ನು ಏಕೆ ಇಟ್ಟುಕೊಂಡರು? ಷೋಕಿ ಎನ್ನುವುದು ಸುಲಭದ ಉತ್ತರ. ಚಳ್ಳಕೆರೆಯ ಚರಿತ್ರೆ ಬೇರೆ ಉತ್ತರ ಕೊಡುತ್ತದೆ. ಎಣ್ಣೆ ಮಿಲ್ಲುಗಳಿಂದ ಈ ಊರಿಗೆ ಎಣ್ಣೆ ನಗರವೆಂಬ ಹೆಸರು ಬಂದಿತ್ತು. ಶೇಂಗಾ ವ್ಯಾಪಾರ ನಡೆಯುತ್ತಿದ್ದದ್ದು ನಂಬಿಕೆಯ ಮೇಲೆ. ರೈತ ಮಾಲು ತಂದು ಹಾಕಿ ದುಡ್ಡಿಗೆ ಕಾಯುತ್ತಿದ್ದ. ದಲ್ಲಾಳಿ ಮಿಲ್ಲಿನವರಿಗೆ ಮಾಲು ಕೊಟ್ಟು ಅವರ ದುಡ್ಡಿಗೆ ಕಾಯುತ್ತಿದ್ದ. ನಡುವಿನವನು ಗಟ್ಟಿಯೋ ಟೊಳ್ಳೋ ಎಂದು ತಿಳಿಯಲು ಜನ ನೋಡುತ್ತಿದ್ದದ್ದು ಅವನ ಮನೆ, ಅವನ ಮಾತು, ಅವನ ಗಾಡಿ. ಮಂಡಿಯ ಮುಂದೆ ನಿಂತ ಕಾಂಟೆಸ್ಸಾ ದೊಡ್ಡಪ್ಪನ ಪಾಲಿಗೆ ಬ್ಯಾಂಕಿನ ಪತ್ರವಿದ್ದಂತೆ. ಅದರ ರಿಪೇರಿ ಖರ್ಚು ವ್ಯಾಪಾರದ ಖರ್ಚೇ ಆಗಿತ್ತು.

1986ರಲ್ಲಿ ಕೇಂದ್ರ ಸರ್ಕಾರ ಎಣ್ಣೆಕಾಳು ತಂತ್ರಜ್ಞಾನ ಮಿಷನ್ ಆರಂಭಿಸಿತು. ಎಣ್ಣೆಯ ಆಮದಿಗೂ ಕಡಿವಾಣವಿತ್ತು. ದೊಡ್ಡಪ್ಪ ಕಾರು ಕೊಂಡದ್ದು ಆ ಒಳ್ಳೆಯ ದಿನಗಳಲ್ಲಿ. 1994ರಲ್ಲಿ ಪಾಮೋಲಿನ್ ಆಮದನ್ನು ಲೈಸೆನ್ಸಿನಿಂದ ಬಿಡಿಸಿದರು. ಮರುವರ್ಷಗಳಲ್ಲಿ ಸುಂಕವೂ ಇಳಿಯಿತು. ಅಗ್ಗದ ತಾಳೆ ಎಣ್ಣೆಯ ಮುಂದೆ ಶೇಂಗಾ ಎಣ್ಣೆ ನಿಲ್ಲಲಾರದಾಯಿತು. ಬರವೂ ಸೇರಿತು. ಒಂದೊಂದೇ ಮಿಲ್ಲಿನ ಸದ್ದು ನಿಂತಿತು.

ಪುಸ್ತಕದಲ್ಲಿ ಇದರ ನೆರಳು ಸ್ಪಷ್ಟವಾಗಿದೆ. ಮೊದಲ ವರ್ಷಗಳ ಪುಟಗಳಲ್ಲಿ ಪೆಟ್ರೋಲಿನದೇ ದೊಡ್ಡ ಪಾಲು. ತೊಂಬತ್ತರ ದಶಕದ ಕೊನೆಗೆ ಪೆಟ್ರೋಲಿನ ಸಾಲುಗಳು ವಿರಳವಾಗುತ್ತವೆ, ರಿಪೇರಿಯ ಸಾಲುಗಳು ಹೆಚ್ಚುತ್ತವೆ. ಅಂದರೆ ಕಾರು ಓಡಾಡುವುದು ಕಡಿಮೆಯಾಗಿದೆ, ಆದರೆ ಹೊಳೆಯುತ್ತಿರಬೇಕಾಗಿದೆ. ಬಾಗಿಲಿನ ತಳ, ಡಿಕ್ಕಿಯ ಮೂಲೆಗಳಿಗೆ ತುಕ್ಕು ಹಿಡಿದು ಟಿಂಕರಿಂಗ್. ಒಣ ಬಿಸಿಲಿಗೆ ಸೀಳಿದ ಬುಷ್ಷುಗಳು. ಎರಡು ಸಲ ಪೇಂಟು. ಮಾರಿದ್ದರೆ ಉಳಿತಾಯವಾಗುತ್ತಿತ್ತು. ಆದರೆ ಮಾರಿದ ಮರುದಿನವೇ ಸಾಲ ಕೊಟ್ಟವರೆಲ್ಲ ಮಂಡಿಯ ಬಾಗಿಲಲ್ಲಿ ನಿಲ್ಲುತ್ತಿದ್ದರು. ಆ ವರ್ಷಗಳಲ್ಲಿ ನಮ್ಮಕ್ಕನ ಕಾಲೇಜು ನಿಂತುಹೋಯಿತು. ಅವಳ ಫೀಜಿನ ಲೆಕ್ಕ ಈ ಪುಸ್ತಕದಲ್ಲಿಲ್ಲ. ಅವಳು ಕಾಲೇಜು ಬಿಟ್ಟ ತಿಂಗಳಿನಲ್ಲಿ ಎರಡನೆಯ ಪೇಂಟಿನ ಮೊತ್ತ ಇದೆ. ಬದುಕಿದ್ದರೂ ಸಾವಿರ, ಸತ್ತರೂ ಸಾವಿರ ಎಂಬ ಮಾತು ಆನೆಗೆ ಸರಿ. ಕಾರು ಬದುಕಿದ್ದಾಗ ಮಾತ್ರ ಸಾವಿರ ಕೇಳುತ್ತದೆ.

2002ರಲ್ಲಿ ಕಾಂಟೆಸ್ಸಾ ತಯಾರಿಕೆ ನಿಂತಿತು. ಅಷ್ಟರಲ್ಲಿ ದೊಡ್ಡ ಕಾರಿನ ಅರ್ಥವೂ ಬದಲಾಗಿತ್ತು. 1995ರಿಂದಲೇ ಪುಣೆಯಲ್ಲಿ ಮರ್ಸಿಡಿಸ್ ಜೋಡಣೆಯಾಗುತ್ತಿತ್ತು. ಈಗ ಬೆಂಗಳೂರಿನಲ್ಲಿ ಹತ್ತು ಹನ್ನೆರಡು ವರ್ಷದ ಜರ್ಮನ್ ಕಾರುಗಳು ಹೊಸ ಸಣ್ಣ ಕಾರಿನ ಬೆಲೆಗೆ ಸಿಗುತ್ತವೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಂಥದ್ದನ್ನು ಕೊಂಡು ನನಗೆ ತೋರಿಸಲು ತಂದಿದ್ದ. ನಾನು ಅವನಿಗೆ ಪುಸ್ತಕದ ಕಥೆ ಹೇಳಿದೆ. ಕಾರಿನ ಬೆಲೆ ವರ್ಷ ವರ್ಷ ಇಳಿಯುತ್ತದೆ. ಅದರ ಭಾಗದ ಬೆಲೆ ಇಳಿಯುವುದಿಲ್ಲ. ಗಾಳಿ ತುಂಬಿದ ಸಸ್ಪೆನ್ಷನ್, ತಾನೇ ಗೇರ್ ಬದಲಿಸುವ ಪೆಟ್ಟಿಗೆ, ಅದನ್ನು ಆಳುವ ಎಲೆಕ್ಟ್ರಾನಿಕ್ ಘಟಕ ಕೆಟ್ಟರೆ ಬಿಲ್ಲು ಬರುವುದು ಆ ಕಾರು ಹೊಸದಾಗಿದ್ದಾಗಿನ ಅಂತಸ್ತಿಗೆ ತಕ್ಕಂತೆ. ಕೊಳ್ಳುವ ದಿನವೇ ರಿಪೇರಿಗೆಂದು ಬೇರೆ ದುಡ್ಡು ತೆಗೆದಿಡಲಾರದವನಿಗೆ ಅದು ಅಗ್ಗದ ಕಾರಲ್ಲ.

ನಮ್ಮ ಕಾರಿನ ವಿಷಯಕ್ಕೆ ಮರಳಿದರೆ, ಹದಿನೈದು ವರ್ಷ ದಾಟಿದ ಕಾರಿನ ನವೀಕರಣ ಶುಲ್ಕ 600 ರೂಪಾಯಿ ಇದ್ದದ್ದು 2022ರ ಏಪ್ರಿಲ್‌ನಿಂದ 5,000 ಆಯಿತು. ಇಪ್ಪತ್ತು ದಾಟಿದ್ದಕ್ಕೆ 2025ರ ಆಗಸ್ಟ್‌ನಲ್ಲಿ 10,000 ಆಯಿತು. ಆದರೆ ಅದು ಸಣ್ಣ ಮಾತು. ನಿಂತ ಕಾರೂ ಸವೆಯುತ್ತದೆ. ಟ್ಯಾಂಕಿನ ಪೆಟ್ರೋಲು ಅಂಟಾಗುತ್ತದೆ, ಬ್ರೇಕಿನ ಸಿಲಿಂಡರು ಹಿಡಿದುಕೊಳ್ಳುತ್ತದೆ, ವೈರುಗಳನ್ನು ಇಲಿ ಕಡಿಯುತ್ತದೆ. ಚಳ್ಳಕೆರೆಯ ಮೇಸ್ತ್ರಿಯನ್ನು ಕರೆಸಿದೆವು. ಬಾನೆಟ್ ಎತ್ತಿ ನೋಡಿ, "ಇದನ್ನ ಓಡಿಸಬಹುದು ಸಾರ್, ಆದ್ರೆ ಇನ್ನೊಂದು ಗಾಡಿ ದುಡ್ಡು ಬೇಕು" ಎಂದ. ಅವನ ಗಿರಾಕಿಯೊಬ್ಬರು ಇಂಥದೇ ಕಾರನ್ನು ಓಡುವ ಸ್ಥಿತಿಯಲ್ಲಿ ಇಟ್ಟುಕೊಂಡಿದ್ದಾರಂತೆ. ಅವರಿಗೆ ಮುಂದಿನ ಗಾಜು, ದೀಪಗಳು ಬೇಕು.

ಕೊಟ್ಟುಬಿಡು ಎಂದೆ. ಅಣ್ಣ ಬಹಳ ಹೊತ್ತು ಸುಮ್ಮನಿದ್ದು, "ಊರೋರು ಏನಂದ್ಕೊಂತಾರೋ" ಎಂದ. ಮಂಡಿ ಮುಚ್ಚಿ ಎಷ್ಟೋ ವರ್ಷವಾಗಿದೆ. ಈಗ ಯಾರಿಗೂ ನಾವು ಬಾಕಿಯಿಲ್ಲ. ಆದರೂ ಆ ಮಾತು ಬಂತು. ಆಗ ಅಲ್ಲೇ ಇದ್ದ ಅಕ್ಕ, "ಅಂದ್ಕೊಳ್ಳಲಿ ಬಿಡೋ. ಅವರಿಗೋಸ್ಕರ ಸಾಕಿದ್ದು ಸಾಕು" ಎಂದಳು.

ಗಾಜು, ದೀಪ ಹೋದವು. ಉಳಿದದ್ದನ್ನು ನೋಂದಣಿ ರದ್ದು ಮಾಡಿಸಿ ಗುಜರಿಗೆ ಕೊಡುವುದೆಂದು ಮಾತಾಯಿತು. ಪುಸ್ತಕವನ್ನು ನಾನು ತಂದಿದ್ದೇನೆ. ಅದರ ಕೊನೆಯ ಸಾಲಿನಲ್ಲಿ ಮೊತ್ತವಿಲ್ಲ. 'ಬ್ಯಾಟರಿ ವೈರು ಬಿಚ್ಚಿ ಇಟ್ಟಿದೆ' ಎಂದಷ್ಟೇ ಇದೆ.